ಯಾವ ದೇವರಿಗೂ ಸೇರದ ಗಾಡಿ

ಕರೇಕಲ್ಲಹಟ್ಟಿ, ಪಾವಗಡ ತಾಲ್ಲೂಕು
9-9-1979

ಅಣ್ಣ ಬೋರಣ್ಣನಿಗೆ ತಂಗಿ ಕರಿಯಕ್ಕ ಬರೆಯುವುದು.

ಇಲ್ಲಿ ಎರಡು ಹದ ಮಳೆ ಬಂತು. ಕುರಿಗಳಿಗೆ ಮೇವು ಚಿಗುರಿದೆ. ನಿನ್ನ ಭಾವ ಚೆನ್ನಾಗಿದ್ದಾರೆ. ಇಷ್ಟು ಬರೆದು ಕಾಗದವನ್ನು ರಾಗಿ ಗುಡಾಣದ ಹಿಂದೆ ಇಟ್ಟಿದ್ದೆ. ಇವತ್ತು ಮತ್ತೆ ತೆಗೆದೆ.

ಅಣ್ಣನಿಗೆ ಬರೆಯುವ ವಿಷಯವಲ್ಲ ಇದು. ಆದರೆ ಅಮ್ಮನಿಗೆ ಬರೆದರೂ ಓದಿ ಹೇಳುವವನು ನೀನೇ. ಮಾಗಿ ಚಳಿಗೆ ನನಗೆ ದಿನ ತುಂಬುತ್ತದೆ.

ಹೋದ ಸಲ ಹೆರಿಗೆಗೆ ಅಮ್ಮನ ಹಟ್ಟಿಗೆ ಬಂದಿದ್ದೆನಲ್ಲ, ಆಗ ನೀನು ಶಿರಾದಲ್ಲಿದ್ದೆ. ಬಂದಾಗಲೂ ಬೇಲಿಯ ಹತ್ತಿರ ನಿಂತು ಮಾತಾಡಿಸಿ ಹೋದೆ. ನೀನು ಗಂಡಸು, ಆ ಗುಡಿಸಲೊಳಗೆ ಬಗ್ಗಿ ನೋಡಿದವನಲ್ಲ. ಅದಕ್ಕೇ ಬರೆಯುತ್ತೇನೆ. ಅದಕ್ಕೆ ಬಾಗಿಲಿಲ್ಲ. ಸೋಗೆಯ ಒಳಗೆ ಎದ್ದು ನಿಲ್ಲಲು ಆಗುವುದಿಲ್ಲ. ಹೆತ್ತವಳು ಕೂಸನ್ನು ಇಟ್ಟುಕೊಂಡು ಬೇಲಿಯ ಆಚೆ ಅದರಲ್ಲೇ ಇರಬೇಕು. ಮೂಡಲ ಗಾಳಿ ಬೀಸಿದರೆ ನೆಲದಲ್ಲೇ ಹರಿದು ಬರುತ್ತದೆ. ಮಗುವನ್ನು ಹೊಟ್ಟೆಗೆ ಒತ್ತಿಕೊಂಡು ಬೋರಲಾಗಿ ಮಲಗುತ್ತಿದ್ದೆ. ಅದು ಬದುಕಲಿಲ್ಲ.

ಇಲ್ಲಿಯ ಗುಡಿಸಲೂ ಹಾಗೇ ಇದೆ. ಮೊದಲ ಕೂಸು ಹೋದದ್ದರಿಂದ ಈ ಸಲ ನೋವು ಬರುವವರೆಗೆ ಹಟ್ಟಿಯ ಗಡಿ ದಾಟಬಾರದು ಎಂದು ದೇವರ ಅಪ್ಪಣೆ ಆಗಿದೆ. ನೋವು ಬಂದ ಮೇಲೆ ಹೇಗೂ ಬೇಲಿಯ ಆಚೆ. ಆಮೇಲೆ ಎಲ್ಲಿಗೆ ಹೋದರೂ ಯಾರೂ ಕೇಳುವುದಿಲ್ಲ. ಹೋಗುವುದು ಯಾವುದರಲ್ಲಿ? ಬಸ್ಸಿನ ರಸ್ತೆ ದೂರ. ಹಟ್ಟಿಯ ಗಾಡಿಗಳು ದೇವರ ಕಾರ್ಯಕ್ಕೆ ಹೋಗುವವು, ಎತ್ತುಗಳು ದೇವರ ಎತ್ತುಗಳು. ಅದರಲ್ಲಿ ನನ್ನನ್ನು ಕೂರಿಸುವುದಿಲ್ಲ.

ನಿನ್ನಿಂದ ಏನೂ ಕೇಳುತ್ತಿಲ್ಲ. ಸಾಧ್ಯವಾದರೆ ಒಂದು ದಪ್ಪ ರಗ್ಗು ಕಳಿಸು.

ಕರಿಯಕ್ಕ


ಶಿರಾ
20-9-1979

ತಂಗಿ ಕರಿಯಕ್ಕನಿಗೆ,

ರಗ್ಗು ಕಳಿಸುವುದಿಲ್ಲ. ಗಾಡಿ ಕಳಿಸುತ್ತೇನೆ.

ನಗಬೇಡ. ಮೊದಲು ಜೀಪು ಬಾಡಿಗೆಗೆ ತರೋಣ ಎಂದುಕೊಂಡೆ. ಯಾವ ದಿನಕ್ಕೆ ತರಲಿ? ನೋವು ಬಂದ ಸುದ್ದಿ ನನಗೆ ಮುಟ್ಟಿ ನಾನು ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಗಾಡಿ ಅಲ್ಲೇ, ನಿನ್ನ ಗುಡಿಸಲ ಪಕ್ಕದಲ್ಲೇ ಕಾದು ನಿಂತಿರಬೇಕು. ಭಾವನಿಗೆ ಓಡಿಸುವುದನ್ನು ನಾನು ಕಲಿಸುತ್ತೇನೆ. ನೋವು ಬಂದ ಕೂಡಲೇ ಪಾವಗಡದ ಆಸ್ಪತ್ರೆ. ಅಲ್ಲಿಂದ ಶಿರಾ, ನನ್ನ ರೂಮು.

ನಮ್ಮ ರಿಪೇರಿ ಷಾಪಿನ ಹಿಂದೆ ಒಂದು ಕಬ್ಬಿಣದ ಚೌಕಟ್ಟು ಬಿದ್ದಿದೆ. ಮಂಡಿಗೆ ಕಡಲೆಕಾಯಿ ಮೂಟೆ ಸಾಗಿಸಲೆಂದು ಯಜಮಾನರು ನಬೀ ಸಾಬರು ಒಂದು ಕಾಲಕ್ಕೆ ಕೂಡಿಸಿ, ಅರ್ಧಕ್ಕೆ ಬಿಟ್ಟದ್ದು. ಅದರ ಮೇಲೆ ಈಗ ಕೋಳಿ ಮಲಗುತ್ತದೆ. ಮೂಲೆಯಲ್ಲಿ ಗುಜರಿಗೆ ಹೋಗಬೇಕಾದ ಸ್ಕೂಟರುಗಳಿವೆ. ಒಂದರ ಎಂಜಿನ್ ಜೀವಂತವಾಗಿದೆ. ಉರುಳಿ ಬಿದ್ದ ಆಟೋ ಒಂದರ ಹ್ಯಾಂಡಲ್ಲು, ಕೈಯಲ್ಲಿ ಎಳೆದು ಸ್ಟಾರ್ಟ್ ಮಾಡುವ ಲಿವರು ನನ್ನ ಕಣ್ಣಲ್ಲಿದೆ. ಕೇಳಿದ್ದಕ್ಕೆ ನಬೀ ಸಾಬರು, "ತಗೋ ಬೇಟಾ. ಕೋಳಿಗೆ ಬೇರೆ ಮನೆ ನೋಡೋಣ" ಎಂದರು.

ಸ್ಕೂಟರಿನ ಎಂಜಿನ್ನಿಗೆ ದೇವರಿಲ್ಲ. ಆಟೋ ಲಿವರಿಗೆ ಕುಲವಿಲ್ಲ. ಯಾವ ದೇವರಿಗೂ ಸೇರದ ಗಾಡಿಯಲ್ಲಿ ನಿನ್ನನ್ನು ಕೂರಿಸಬೇಡ ಎಂದು ಯಾರು ಹೇಳುತ್ತಾರೆ ನೋಡೋಣ.

ಬೋರಣ್ಣ


ಕರೇಕಲ್ಲಹಟ್ಟಿ
7-10-1979

ಅಣ್ಣ,

ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಕೊಡಲಿಗೆ ಕಾವು ಹಾಕುತ್ತಿದ್ದರು. ಏನೂ ಮಾತಾಡಲಿಲ್ಲ. ಅತ್ತೆ ಕೊಲ್ಲಾಪುರಮ್ಮ ಕೇಳಿಸಿಕೊಂಡು ಹೀಗೆಂದರು: "ಸ್ಕೂಟ್ರು ಬಿಚ್ಚಿ ಕಾರ್ ಮಾಡ್ತಾನಂತಾ? ಅವನ ಅಪ್ಪ ಮುರುಕಲು ಕೊಡೆ ರಿಪೇರಿ ಮಾಡೋಕೋಗಿ ಬೆರಳು ಕುಯ್ಕಂಡಿದ್ದ."

ಆಮೇಲೆ ಹೊರಗೆ ಹೋದ ಅತ್ತೆ ತಿರುಗಿ ಬಂದು, "ಅದ್ರಲ್ಲಿ ಮಲಿಕ್ಕಳಕ್ಕೆ ಆಯ್ತದಾ ಕೇಳು" ಎಂದರು. ಅತ್ತೆ ಆ ಗುಡಿಸಲಲ್ಲಿ ಏಳು ಸಲ ಹೆತ್ತವರು. ಈಗ ಇರುವವರು ನಿನ್ನ ಭಾವ ಮತ್ತು ಒಬ್ಬ ನಾದಿನಿ.

ಕೇಳುತ್ತಿದ್ದೇನೆ. ಮಲಗಲು ಆಗುತ್ತದೆಯೇ?

ನಿನ್ನ ಭಾವ ಮಾತಾಡದಿದ್ದರೆ ಒಪ್ಪಿಲ್ಲ ಎಂದು ತಿಳಿಯಬೇಡ. ಒಪ್ಪಿದ್ದಾರೆ ಎಂದೂ ತಿಳಿಯಬೇಡ. ಅವರು ಯಾವ ಪ್ರಶ್ನೆ ಬಂದರೂ ಮೊದಲು ಅವ್ವನ ಮುಖ ನೋಡುತ್ತಾರೆ, ಆಮೇಲೆ ಪೂಜಾರಿ ಯತ್ತಪ್ಪನ ಮುಖ. ಅಷ್ಟರಲ್ಲಿ ಪ್ರಶ್ನೆ ಹೊರಟುಹೋಗಿರುತ್ತದೆ.

ಕರಿಯಕ್ಕ


ಶಿರಾ
2-11-1979

ಕರಿಯಕ್ಕ,

ಮಲಗಬಹುದು. ಹಿಂದಿನ ಸೀಟಿನ ಜಾಗದಲ್ಲಿ ಉದ್ದಕ್ಕೆ ಹಲಗೆ ಹಾಕಿದ್ದೇನೆ. ನಬೀ ಸಾಬರ ಮನೆಯವರು ಅಮೀರ್ ಬಿ ಅದರ ಮೇಲೆ ಮಲಗಿ ನೋಡಿ, "ನಮ್ಮ ಮಂಚಕ್ಕಿಂತ ಪಸಂದಾಗಿದೆ, ಇದನ್ನ ಇಲ್ಲೇ ಬಿಟ್ಟುಬಿಡು" ಎಂದರು.

ಗಾಡಿ ಹೇಗಿದೆ ಎಂದು ಹೇಳುತ್ತೇನೆ. ನಾಲ್ಕು ಚಕ್ರವೂ ಸ್ಕೂಟರಿನವು, ಅದಕ್ಕೇ ಕಾರು ಕುಳ್ಳಗಿದೆ. ಎಂಜಿನ್ ಹಿಂದೆ ಬಲಕ್ಕೆ ಕೂತಿದೆ, ಆ ಒಂದು ಚಕ್ರವನ್ನು ಮಾತ್ರ ತಿರುಗಿಸುತ್ತದೆ. ಎಡಗಡೆಯದು ಸುಮ್ಮನೆ ಜೊತೆಗೆ ಉರುಳುತ್ತದೆ. ನಿನ್ನ ಭಾವನ ಹಾಗೆ ಎಂದು ಬರೆಯಬಾರದು, ಬರೆದುಬಿಟ್ಟೆ. ಸ್ಟೇರಿಂಗ್ ಚಕ್ರ ಸಿಗಲಿಲ್ಲ, ಆಟೋ ಹ್ಯಾಂಡಲ್ಲೇ ಇದೆ. ಗೇರು, ಕ್ಲಚ್ಚು ಎಡಗೈಯಲ್ಲಿ. ಬ್ರೇಕು ಮಾತ್ರ ಕಾಲಿಗೆ. ಮೈಗೆ ಹೊಸ ತಗಡು ತರುವ ಶಕ್ತಿ ಇಲ್ಲ. ಮಂಡಿಯಲ್ಲಿ ಕಡಲೆಕಾಯಿ ಎಣ್ಣೆಯ ಖಾಲಿ ಟಿನ್ನುಗಳು ಬಿದ್ದಿರುತ್ತವೆ. ಬಿಡಿಸಿ, ತಟ್ಟಿ, ಒಂದಕ್ಕೊಂದು ಮಡಿಸಿ ಹೊಲಿದಿದ್ದೇನೆ. ಬಿಸಿಲಿಗೆ ನಿಂತರೆ ಇನ್ನೂ ಎಣ್ಣೆ ವಾಸನೆ ಬರುತ್ತದೆ. ನಾಯಿಗಳು ಬಂದು ನೆಕ್ಕುತ್ತವೆ.

ಒಂದು ಜಗಳ ಆಯಿತು. ಸ್ಕೂಟರ್ ಎಂಜಿನ್ನಿಗೆ ಹಿಂದಕ್ಕೆ ಹೋಗುವ ಗೇರು ಇಲ್ಲ. ಆಟೋದ ಗೇರುಪೆಟ್ಟಿಗೆ ಹುಡುಕಿ ತಂದು ಕೂರಿಸಬೇಕು, ಅದಕ್ಕೆ ಇನ್ನೆರಡು ತಿಂಗಳು ಬೇಕು. ನಬೀ ಸಾಬರು ಬಿಡಲೊಲ್ಲರು. "ಅರೆ, ರಿವರ್ಸ್ ಇಲ್ದಿದ್ರೆ ಗಾಡಿ ಅಲ್ಲ ಕಣೋ ಅದು, ಗುದ್ದೋ ಟಗರು" ಎಂದರು. ನಾನು, "ನನ್ನ ತಂಗಿ ಹಿಂದಕ್ಕೆ ಬರೋವ್ಳಲ್ಲ, ಬುಡಿ" ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಸ್ಪ್ಯಾನರ್ ಎತ್ತಿಕೊಂಡರು.

ಆ ಮಾತಿನ ಅರ್ಥ ನೀನು ಬಂದ ಮೇಲೆ ಕೂತು ಮಾತಾಡೋಣ.

ಬೋರಣ್ಣ


ಕರೇಕಲ್ಲಹಟ್ಟಿ
25-11-1979

ಅಣ್ಣ,

ಬೇಗ ತಾ. ಚಳಿ ಈ ವರ್ಷ ಮೊದಲೇ ಇಳಿದಿದೆ. ಮೊನ್ನೆ ಗಾಳಿಮಳೆಗೆ ಗುಡಿಸಲ ಸೋಗೆ ಒಂದು ಕಡೆ ಹಾರಿಹೋಗಿದೆ. ಅದನ್ನು ಗಂಡಸರು ಮುಟ್ಟುವುದಿಲ್ಲ. ತಿಂಗಳ ಹೊರಗೆ ಕೂತ ಹೆಂಗಸರೇ ಕಟ್ಟಿಕೊಳ್ಳಬೇಕು. ದಾಸಮ್ಮ ಎಂದು ನಮ್ಮ ದೊಡ್ಡಮಾವನ ಸೊಸೆ, ನನಗೆ ಓರಗಿತ್ತಿ, ಅವಳು ಮಳೆಯಲ್ಲೇ ಗೋಣಿತಾಟು ಕಟ್ಟಿದಳು. "ನೀನ್ ಬರೋವತ್ಗೆ ಅರಮನೆ ಮಾಡಿಕ್ಕಿರ್ತೀನಿ ಕಣಮ್ಮ" ಎಂದು ಬೇಲಿಯಾಚೆಯಿಂದ ಕೂಗಿದಳು.

ಗಾಡಿಯನ್ನು ಗುಡಿಸಲ ಪಕ್ಕದಲ್ಲಿ ಹೊಂಗೆಮರದ ಕೆಳಗೆ ನಿಲ್ಲಿಸಬೇಕು. ಬೇಲಿಯ ಬಾಗಿಲಿಗೆ ಬರಬೇಡ. ದಾರಿ ಕವಲೊಡೆಯುವಲ್ಲಿ ಎಡಕ್ಕೆ ತಿರುಗು.

ಕರಿಯಕ್ಕ


ಶಿರಾ
14-12-1979

ಪ್ರೀತಿಯ ಕರಿಯಕ್ಕ,

ನಿನ್ನೆ ರಾತ್ರಿ ಬಸ್ಸಿನಲ್ಲಿ ಬಂದು ತಲುಪಿದೆ. ಮೈಕೈ ನೋವು ಇನ್ನೂ ಇದೆ, ಆದರೂ ಬರೆಯದೆ ಇರಲು ಆಗುತ್ತಿಲ್ಲ.

ಗಾಡಿ ತರುವಾಗ ಎಲ್ಲ ಕಡೆ ಜನ ನಿಂತು ನೋಡಿದರು. ಮಧುಗಿರಿಯಲ್ಲಿ ಒಬ್ಬ ಹೋಟೆಲಿನವನು, "ಏನ್ ಸ್ವಾಮಿ, ಎಣ್ಣೆ ಡಬ್ಬ ಓಡಿಸ್ಕಂಡು ಬಂದಿದ್ದೀರಿ, ಬತ್ತಿ ಎಲ್ಲಿ?" ಎಂದ. ಏರಿನಲ್ಲಿ ಎರಡು ಸಲ ಎಂಜಿನ್ ಕಾದು ನಿಂತಿತು. ನೆರಳಲ್ಲಿ ಕೂತು ಆರಿಸಿಕೊಂಡು ಬಂದೆ. ಹಟ್ಟಿಯ ಹತ್ತಿರ ಬಂದಾಗ ನಿಮ್ಮ ಕುರಿಗಳೆಲ್ಲ ಗುಡ್ಡ ಹತ್ತಿಬಿಟ್ಟವು.

ನನಗಂತೂ ನಂಬಿಕೆ ಇರಲಿಲ್ಲ, ಹಟ್ಟಿಯವರು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು. ಹೊಸ ಗಾಡಿ ಅಲ್ಲವೇ, ದೇವರಿಗೆ ತೋರಿಸದೆ ಮುಂದಕ್ಕೆ ಹೋಗಬಾರದು ಎಂದು ಗುಡಿಯ ಮುಂದೆ ನಿಲ್ಲಿಸಿ, ಕಾಯಿ ಕೊಟ್ಟೆ. ಪೂಜಾರಿ ಯತ್ತಪ್ಪನೇ ಎದ್ದು ಬಂದು ಮೂತಿಗೆ ಅರಿಸಿನದ ಭಂಡಾರ ಹಚ್ಚಿದ. ಕರೀ ಕಂಬಳಿ ದಾರ ಕಟ್ಟಿದ. "ಬಾಳ ಚೆಂದಾಗಿ ಮಾಡಿದ್ದೀಯ ಕಣ್ಲಾ. ನಮ್ಮಪ್ಪನಿಗೇ ಒಪ್ಪೋ ಅಂಗೈತೆ" ಎಂದ. ಹಟ್ಟಿಯವರೆಲ್ಲ ಕೈಮುಗಿದರು. ಭಾವ ಎರಡೇ ಗಂಟೆಯಲ್ಲಿ ಓಡಿಸುವುದನ್ನು ಕಲಿತ. ಮಾತು ಕಮ್ಮಿ, ಕೈ ನಿಧಾನ, ನನಗಿಂತ ಹದವಾಗಿ ಕ್ಲಚ್ಚು ಬಿಡುತ್ತಾನೆ.

ನೀನು ಬೇಲಿಯ ಹತ್ತಿರ ನಿಂತಿದ್ದೆ. ನಾನು ಕೈ ಬೀಸಿದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಳಬಾರದಾಗಿತ್ತು. ಸಂತೋಷಕ್ಕೂ ಅಳಬಾರದು, ಈ ಸಮಯದಲ್ಲಿ. ಕಡೇ ಬಸ್ಸಿಗೆ ಓಡಬೇಕಾಗಿ ನಿನ್ನನ್ನು ಮಾತಾಡಿಸಲೂ ಆಗಲಿಲ್ಲ.

ಹೊಂಗೆಮರದ ಹತ್ತಿರ ಆಮೇಲೆ ನಿಲ್ಲಿಸಿಕೊಡುತ್ತೇವೆ, ಇವತ್ತು ಜನ ನೋಡಲಿ ಎಂದರು. ನಿಲ್ಲಿಸಿದರೇ?

ಬೋರಣ್ಣ


ಕರೇಕಲ್ಲಹಟ್ಟಿ
22-12-1979

ಅಣ್ಣ,

ಗಾಡಿ ಚೆನ್ನಾಗಿದೆ. ದಿನವೂ ಒರೆಸುತ್ತಾರೆ. ಮೊನ್ನೆ ಸೋಮವಾರ ಪಾವಗಡದವರೆಗೂ ಹೋಗಿ ಬಂತು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲವಂತೆ. ನೀನು ತುಂಬ ಕಷ್ಟಪಟ್ಟಿದ್ದೀಯ. ಕೈಯ ಮೇಲೆ ಸುಟ್ಟ ಗಾಯ ಇತ್ತು, ದೂರದಿಂದಲೇ ಕಂಡಿತು. ಅದಕ್ಕೆ ಏನಾದರೂ ಹಚ್ಚಿಕೋ.

ಕರಿಯಕ್ಕ


ಶಿರಾ
30-12-1979

ಕರಿಯಕ್ಕ,

ನಿನ್ನ ಕಾಗದವನ್ನು ಷಾಪಿನಲ್ಲಿ ಗಟ್ಟಿಯಾಗಿ ಓದಿದೆ. ಪಾವಗಡದವರೆಗೆ ಹೋಗಿ ಬಂತು ಎನ್ನುವಾಗ ನಬೀ ಸಾಬರು ಎಲ್ಲರಿಗೂ ಚಹಾ ಹೇಳಿದರು. ಎಂಜಿನ್ನಿನಲ್ಲಿ ಹಳೆಯ ಪಿಸ್ಟನ್ ರಿಂಗೇ ಇತ್ತು, ನನಗೆ ಒಳಗೊಳಗೇ ಭಯವಿತ್ತು. ನಿನಗೆ ಹೇಳಿರಲಿಲ್ಲ.

ನೋವು ಬರುವ ಮೊದಲೇ ಒಂದು ಸಲ ಹೋಗಿ ದಾರಿ ನೋಡಿಕೊಂಡು ಬಂದದ್ದು ಒಳ್ಳೆಯ ಬುದ್ಧಿ. ಹಲಗೆಯ ಮೇಲೆ ಮಲಗಿ ನೋಡಿದೆಯಾ, ಕುಲುಕಿತೇ? ಡಾಕ್ಟರಮ್ಮ ಏನೆಂದರು? ಗಡಿ ದಾಟಲು ಹಟ್ಟಿಯವರು ಬಿಟ್ಟರಲ್ಲ, ಅದೇ ದೊಡ್ಡದು. ನಾನೇ ಅವರನ್ನು ಕೆಟ್ಟದಾಗಿ ತಿಳಿದಿದ್ದೆ.

ಇಲ್ಲಿ ನನ್ನ ರೂಮಿಗೆ ಸುಣ್ಣ ಹೊಡೆದಿದ್ದೇನೆ. ಅಮ್ಮನೂ ಹೊಳವನಹಳ್ಳಿ ಕಡೆಯಿಂದ ಬಂದು ಇರುತ್ತಾಳೆ. ಬಾಗಿಲಿರುವ ರೂಮು.

ಬೋರಣ್ಣ


ಕರೇಕಲ್ಲಹಟ್ಟಿ
6-1-1980

ಅಣ್ಣ,

ನಾನು ಪಾವಗಡಕ್ಕೆ ಹೋಗಿಲ್ಲ. ದೇವರ ಪೆಟ್ಟಿಗೆ ಹೋಗಿ ಬಂತು. ಬೆಳ್ಳಿ ಕಣ್ಣಿಗೆ ಒಪ್ಪ ಹಾಕಿಸಲು ಅಕ್ಕಸಾಲಿಗರ ಹತ್ತಿರ ತೆಗೆದುಕೊಂಡು ಹೋಗಿದ್ದರು. ನೀನು ಹಾಕಿದ ಹಲಗೆಯ ಮೇಲೆ ಕಂಬಳಿ ಹಾಸಿ ಪೆಟ್ಟಿಗೆ ಇಟ್ಟಿದ್ದರು. ಓಡಿಸಿದವರು ನಿನ್ನ ಭಾವ.

ಬರೆಯಬಾರದು ಎಂದಿದ್ದೆ. ನೀನು ಚಹಾ ಕುಡಿದ ಮಾತು ಓದಿದ ಮೇಲೆ ಬರೆಯದೆ ಇರುವುದು ಸುಳ್ಳು ಹೇಳಿದ ಹಾಗೆ ಆಗುತ್ತದೆ.

ಭಂಡಾರ ಹಚ್ಚಿಸಿಕೊಂಡ ಗಾಡಿ ದೇವರ ಗಾಡಿ. ಕಂಬಳಿ ದಾರ ಕಟ್ಟಿದರೆ ಇನ್ನು ಕೇಳುವ ಹಾಗೇ ಇಲ್ಲ. ನೀನು ನಮ್ಮವನೇ ಆಗಿ ಇದು ನಿನಗೆ ಹೊಳೆಯಲಿಲ್ಲವೇ ಎಂದು ಮೊದಲ ದಿನ ತುಂಬ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ನಾನೇ ಆಗಿದ್ದರೂ ಹೊಸ ಗಾಡಿಯನ್ನು ದೇವರಿಗೆ ತೋರಿಸದೆ ತರುತ್ತಿದ್ದೆನೇ? ಕಾಯಿ ಹಿಡಿದುಕೊಂಡೇ ಬರುತ್ತಿದ್ದೆ. ಬೇಲಿಯ ಹತ್ತಿರ ನಿಂತು ಹಳದಿ ಕಂಡಾಗ ಮುಖ ಮುಚ್ಚಿಕೊಂಡೆ. ನೀನು ಸಂತೋಷಕ್ಕೆ ಎಂದುಕೊಂಡೆ. ಇರಲಿ.

ಯತ್ತಪ್ಪ ಕೆಟ್ಟವನಲ್ಲ. ನಾನು ಅತ್ತೆಯ ಕೈಲಿ ಕೇಳಿಸಿದೆ. "ಕೊಟ್ಟುಬುಟ್ಟ ಮ್ಯಾಲೆ ನಂದಾ ಅದು? ಅಪ್ಪಂದು. ನಾನೆಂಗೆ ಇಲ್ಲ ಅನ್ನಲಿ, ನಾನೆಂಗೆ ಹೂಂ ಅನ್ನಲಿ" ಎಂದನಂತೆ. ಅವನ ಕಣ್ಣಲ್ಲಿ ನೀರಿತ್ತು ಎಂದರು ಅತ್ತೆ. ಗಾಡಿ ಗುಡಿಯ ಮುಂದೆ ಬೇವಿನಮರದ ಕೆಳಗೆ ನಿಂತಿದೆ. ಗುಡಿಸಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಸಂಕ್ರಾಂತಿಗೆ ದೇವರು ಅದರಲ್ಲೇ ಹೊಳೆಗೆ ಹೋಗುತ್ತದೆ.

ನಿನ್ನ ಭಾವ ದಿನವೂ ಮಿಂದು ಮಡಿಯುಟ್ಟು ಅದನ್ನು ಒರೆಸುತ್ತಾರೆ. ಒಂದು ದಿನ ನಾನು, "ಅದು ಯಾಕೆ ಬಂತು ಅಂತ ನೆಪ್ಪೈತಾ?" ಎಂದು ಕೇಳಿದೆ. ಬಟ್ಟೆ ಹಿಂಡುತ್ತಾ ನಿಂತುಬಿಟ್ಟರು. ಅವ್ವನ ಮುಖ ನೋಡಿದರು.

ಹೊಟ್ಟೆ ಕೆಳಕ್ಕೆ ಇಳಿದಿದೆ. ರಗ್ಗು ಇದ್ದರೆ ಕಳಿಸು.

ಕರಿಯಕ್ಕ


ಶಿರಾ
11-1-1980

ಕರಿಯಕ್ಕ,

ರಗ್ಗು ಈ ಕಾಗದದ ಹಿಂದೆಯೇ ಪಾರ್ಸಲ್ಲಿನಲ್ಲಿ ಬರುತ್ತದೆ.

ನಾನು ಕೈಯಾರೆ ಕೊಟ್ಟೆ. ಈಗ ನೋಡಿದರೆ ಎಂಜಿನ್ನು ಕೂಡ ದೇವರದು, ಲಿವರು ಕೂಡ ದೇವರದು. ನಬೀ ಸಾಬರಿಗೆ ಹೇಳಿದೆ. ಅವರು ಗಡ್ಡ ಸವರಿಕೊಂಡು, "ನಮ್ಮಲ್ಲೂ ವಕ್ಫ್‌ಗೆ ಕೊಟ್ಟಿದ್ದು ವಾಪಸ್ ಬರಲ್ಲ ಬೇಟಾ. ನಿಂದು ಗಲತಿ ಅಲ್ಲ, ಆದತ್, ಅಭ್ಯಾಸ" ಎಂದರು. ಅದರಿಂದ ನನಗೆ ಸಮಾಧಾನ ಆಗಲಿಲ್ಲ.

ಇಪ್ಪತ್ತನೇ ತಾರೀಖು ಭಾನುವಾರ ಬರುತ್ತೇನೆ. ಸ್ಪ್ಯಾನರು ತರುತ್ತೇನೆ. ಕೊಟ್ಟದ್ದು ಕಾರು ತಾನೇ? ಬಿಚ್ಚಿದರೆ ಅದು ಕಾರಲ್ಲ. ಚಕ್ರ, ನಟ್ಟು, ತಗಡು. ನಾನು ಬಿಚ್ಚುತ್ತೇನೆ, ಬಡಿಯುವವರು ಬಡಿಯಲಿ. ಹೊಂಗೆಮರದ ಕೆಳಗೆ ಮತ್ತೆ ಜೋಡಿಸುತ್ತೇನೆ. ಭಾನುವಾರದವರೆಗೆ ಹೇಗಾದರೂ ತಡೆದುಕೋ. ಇದು ತಡೆದುಕೊಳ್ಳುವ ವಿಷಯ ಅಲ್ಲ ಎಂದು ಗೊತ್ತು. ಬೇರೆ ಏನು ಬರೆಯಲಿ?

ಬೋರಣ್ಣ


ಪಾವಗಡ, ಆಸ್ಪತ್ರೆ
17-1-1980

ಅಣ್ಣ,

ಭಾನುವಾರ ಹಟ್ಟಿಗೆ ಹೋಗಬೇಡ, ಇಲ್ಲಿಗೆ ಬಾ. ಹೆಣ್ಣು ಮಗು. ಹಾಲು ಕುಡಿಯುತ್ತಿದೆ. ಅಳುವುದು ಜೋರು. ಪಕ್ಕದ ಹಾಸಿಗೆಯ ತೆಲುಗಿನ ಅಜ್ಜಿ, "ಏಮಮ್ಮಾ, ನೀ ಕೂತುರು ಬಸ್ಸು ಹಾರನ್ನಾ?" ಎನ್ನುತ್ತಾಳೆ, ನಿನ್ನ ಮಗಳೇನು ಬಸ್ಸಿನ ಹಾರನ್ನೇ ಎಂದು. ನಿನ್ನ ಕಾಗದ ಹದಿನಾಲ್ಕನೇ ತಾರೀಖು ಕೈಗೆ ಬಂತು. ಬಿಚ್ಚಿದರೆ ಅದು ಕಾರಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಓದಿ ಇನ್ನೊಂದು ಯೋಚನೆ ಬಂತು. ಬಿಚ್ಚದೆಯೂ ಅದು ದೇವರ ಕಾರು ಅಲ್ಲದಂತೆ ಆಗುವ ದಾರಿ ನನ್ನ ಕೈಯಲ್ಲೇ ಇತ್ತು.

ಸಂಕ್ರಾಂತಿಯ ದಿನ ಮಧ್ಯಾಹ್ನ ನೋವು ಶುರುವಾಯಿತು. ನನ್ನನ್ನು ಬೇಲಿಯ ಆಚೆ ಕಳಿಸಿದರು. ಗುಡಿಸಲಲ್ಲಿ ದಾಸಮ್ಮ ಮತ್ತು ಇನ್ನಿಬ್ಬರು ಹೆಂಗಸರು ತಿಂಗಳ ಹೊರಗೆ ಕೂತಿದ್ದರು. ದೇವರು ಹೊಳೆಗೆ ಹೋಗಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಎಂಜಿನ್ ಸದ್ದು ಕೇಳಿಸಿತು. ನಾನು ಎದ್ದು ಗುಡಿಯ ಕಡೆ ನಡೆದೆ. ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದೆ. ಎಲ್ಲರೂ ದೇವರ ಕಡೆ ನೋಡುತ್ತಿದ್ದರು, ನನ್ನನ್ನು ಯಾರೂ ನೋಡಲಿಲ್ಲ.

ಗಾಡಿ ಗುಡಿಗೆ ಮೂತಿಯಿಟ್ಟು ನಿಂತಿತು. ನಾನು ಬೇವಿನಮರದ ಹಿಂದೆ ಕಾದೆ. ಪೆಟ್ಟಿಗೆ ಇಳಿಸಿ, ಯತ್ತಪ್ಪ ಅದನ್ನು ತಲೆಯ ಮೇಲೆ ಹೊತ್ತು ಗುಡಿಯೊಳಕ್ಕೆ ಇಟ್ಟು ಹೊರಗೆ ಬರುವವರೆಗೂ ಕಾದೆ. ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ನಿನ್ನ ಭಾವ ಇಳಿಯುವವರೆಗೆ ಕಾಯಲಿಲ್ಲ. ಅವರು ಇನ್ನೂ ಹ್ಯಾಂಡಲ್ ಹಿಡಿದು ಕೂತಿದ್ದರು. ಹೋಗಿ ಭಂಡಾರದ ಮೇಲೆಯೇ ಎರಡು ಕೈಯನ್ನೂ ಊರಿದೆ.

ಯಾರೂ ಕಿರುಚಲಿಲ್ಲ ಅಣ್ಣ. ಎಲ್ಲರೂ ಹಿಂದಕ್ಕೆ ಸರಿದರು, ಅಷ್ಟೆ. ನಿನ್ನ ಭಾವ, "ಕೆಡಿಸ್ಬುಟ್ಯಲ್ಲೇ" ಎಂದು ಎದ್ದು ಇಳಿಯಲು ಹೋದರು. ಯತ್ತಪ್ಪನೇ ಕೂಗಿದ: "ಇಳಿಬ್ಯಾಡ ಕಣ್ಲಾ ಮೂಡಲಗಿರಿಯಪ್ಪ. ನಿಂಗೂ ಮೈಲ್ಗೆ ಆಗೈತೆ, ಇಲ್ಲಿ ಕಾಲಿಕ್ಕಬ್ಯಾಡ. ಅದನ್ನ ತಗಂಡು ಒಂಟೋಗು."

ನಾನು ಅವರನ್ನು ಕೇಳಲಿಲ್ಲ. ಕೇಳಿದ್ದರೆ ಅವ್ವನ ಮುಖ ನೋಡುತ್ತಿದ್ದರು. ಅದು ಮೋಸ ಎನಿಸಿದರೆ ಮೋಸವೇ ಇರಲಿ.

ನಾನು ಹಿಂದೆ ಹತ್ತಿ ಹಲಗೆಯ ಮೇಲೆ ಮಲಗಿದೆ. ಮುಂದೆ ಗುಡಿಯ ಜಗುಲಿ. ನಬೀ ಸಾಬರ ಟಗರಿಗೆ ಹಿಂದಕ್ಕೆ ಹೋಗಲು ಬರುವುದಿಲ್ಲ. ತಳ್ಳಬೇಕು. ಅಷ್ಟು ಜನ ಗಂಡಸರಿದ್ದರು, ಯಾರು ಮುಟ್ಟುತ್ತಾರೆ? ನೋವು ಬಂದು ಬಂದು ಹೋಗುತ್ತಿತ್ತು. ತಗಡಿನ ಒಳಗೆ ನನ್ನ ಉಸಿರೇ ನನಗೆ ಕೇಳುತ್ತಿತ್ತು. ಈ ಸಲ ಗುಡಿಸಲ ಬದಲು ಇದರಲ್ಲಿ ಸಾಯುತ್ತೇನೆ ಎಂದುಕೊಂಡೆ.

ಆಗ ದಾಸಮ್ಮ ಬಂದಳು. ಹಿಂದೆ ಆ ಇಬ್ಬರು. ಗಂಡಸರ ನಡುವೆಯೇ ನಡೆದುಕೊಂಡು ಬಂದರು, ದಾರಿ ತಾನೇ ಬಿಟ್ಟುಕೊಂಡಿತು. "ಸರ್ಕೊಳ್ರಪ್ಪಾ, ತಗಲ್ಬುಟ್ಟಾತು" ಎನ್ನುತ್ತಿದ್ದಳು. ಮೂತಿಗೆ ಹೆಗಲು ಕೊಟ್ಟು ಮೂವರೂ ತಳ್ಳಿದರು. ನಿನ್ನ ಭಾವನಿಗೆ, "ಯಾನ್ ನೋಡ್ತೀಯ, ಗೇರ್ ಬುಡ್ಸು" ಎಂದು ಗದರಿದಳು. ಎಣ್ಣೆ ಟಿನ್ನಿನ ಕಾರು ಹಗುರ, ಹಿಂದಕ್ಕೆ ಉರುಳಿತು. ಅವರು ಹ್ಯಾಂಡಲ್ ತಿರುಗಿಸಿದರು, ದಾರಿಗೆ ಬಂತು.

ಅತ್ತೆ ಓಡಿ ಬಂದು ಎರಡು ಮಾರು ದೂರದಲ್ಲಿ ನಿಂತು ಒಂದು ಕೌದಿ ಎಸೆದರು. ಅದು ನನ್ನ ಕಾಲಿನ ಮೇಲೆ ಬಿತ್ತು. ದಾರಿಯುದ್ದಕ್ಕೂ ನಿನ್ನ ಭಾವ ಗುಂಡಿ ಬಂದಾಗಲೆಲ್ಲ ನಿಧಾನ ಮಾಡಿದರು.

ಈಗ ಆಸ್ಪತ್ರೆಯ ಗೇಟಿನ ಹತ್ತಿರ ಗಾಡಿಯೊಳಗೇ ಇದ್ದಾರೆ. ಹಟ್ಟಿಗೆ ಹೋಗುವ ಹಾಗಿಲ್ಲ. ಊಟಕ್ಕೂ ಇಳಿಯುವುದಿಲ್ಲ.

ಕರಿಯಕ್ಕ


ಶಿರಾ
3-2-1980

ಕರಿಯಕ್ಕ,

ನಾನು ಪಾವಗಡಕ್ಕೆ ಬಂದಾಗ ಅಲ್ಲಿ ನೀನಿರಲಿಲ್ಲ. ಹಿಂದಿನ ದಿನವೇ ಹೋದರು ಎಂದು ನರ್ಸಮ್ಮ ಹೇಳಿದರು. ಎಲ್ಲಿಗೆ ಎಂದರೆ, "ಎಲ್ಲಿಂದ ಬಂದ್ರೋ ಅಲ್ಗೆ" ಎಂದರು. ಗೇಟಿನ ಹತ್ತಿರ ಎಣ್ಣೆ ಸೋರಿದ ಗುರುತು ಮಾತ್ರ ಇತ್ತು. ಹಟ್ಟಿಯವರೆಗೆ ಬರಲು ಮನಸ್ಸಾಗಲಿಲ್ಲ. ಬಂದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಇಷ್ಟು ದಿನ ಬರೆಯದೆ ಇದ್ದದ್ದೂ ಅದಕ್ಕೇ. ಇಲ್ಲಿ ಬಾಗಿಲಿರುವ ರೂಮು ಇದೆ. ಅಮ್ಮ ಬಂದು ಕೂತಿದ್ದಾಳೆ, ತೊಟ್ಟಿಲಿಗೆ ಹಗ್ಗ ಹೊಸೆದಿದ್ದಾಳೆ. ನೀನು ಗೆದ್ದು ಬಂದವಳು ಮತ್ತೆ ಅದೇ ಬೇಲಿಗೆ ಹೋದೆ. ಯಾಕೆ ಹೋದೆ? ಭಾವ ಹೆದರಿಸಿದನೇ? ಅಳಿಯನ ಮನೆಯ ವಿಷಯ ಕೇಳಬಾರದು ಎನ್ನುತ್ತಾಳೆ ಅಮ್ಮ, ನಾನು ಕೇಳುತ್ತೇನೆ.

ರಿವರ್ಸ್ ಇಲ್ಲದ ಗಾಡಿ ಕೊಟ್ಟದ್ದು ಯಾಕೆ ಎಂದು ನಿನಗೆ ಆಗಲೇ ಬಿಡಿಸಿ ಹೇಳಬೇಕಾಗಿತ್ತು. ನಿನ್ನನ್ನು ಹಟ್ಟಿಗೆ ತಿರುಗಿ ಕಳಿಸುವ ಯೋಚನೆಯೇ ನನಗಿರಲಿಲ್ಲ.

ಬೋರಣ್ಣ


ಕರೇಕಲ್ಲಹಟ್ಟಿ
12-2-1980

ಅಣ್ಣ,

ಯಾರೂ ಹೆದರಿಸಲಿಲ್ಲ. ಹಾಸಿಗೆ ಬೇಕೆಂದು ಆಸ್ಪತ್ರೆಯವರು ಶನಿವಾರವೇ ಕಳಿಸಿದರು. ನಿನ್ನ ಭಾವ ಆಸ್ಪತ್ರೆಯೊಳಗೆ ಬಂದು ಮಗುವನ್ನು ನೋಡಿ, "ಯಾವ್ ಕಡೆ ಓಡಿಸ್ಲಿ?" ಎಂದರು. ಅವರು ನನ್ನ ಮುಖ ನೋಡಿ ಕೇಳಿದ ಮೊದಲ ಪ್ರಶ್ನೆ ಅದು. ಶಿರಾ ಎಂದು ಬಾಯಿಗೆ ಬಂದಿತ್ತು. ನಾನು ಬಾಗಿಲು ಹಾಕಿಕೊಂಡು ನಿನ್ನ ರೂಮಿನಲ್ಲಿರಬಹುದಿತ್ತು. ಗಾಡಿ ನಿನ್ನ ಷಾಪಿನಲ್ಲಿ ನಿಲ್ಲುತ್ತಿತ್ತು. ದಾಸಮ್ಮನ ಸೊಸೆಗೆ ಚೈತ್ರದಲ್ಲಿ ದಿನ. ಅವಳಿಗಿನ್ನೂ ಹದಿನೇಳು.

ಇಲ್ಲಿ ಅದು ಯಾರ ಗಾಡಿ ಎಂದು ಸಭೆ ಸೇರಿಸಿದರು. ದೇವರದಲ್ಲ, ನಾನು ಮುಟ್ಟಿದ್ದೇನೆ. ಹಟ್ಟಿಯದಲ್ಲ, ಯಾರೂ ಮುಟ್ಟುವ ಹಾಗಿಲ್ಲ. ಸುಡೋಣವೆಂದರೆ ಹತ್ತಿರ ಹೋಗುವವರು ಯಾರು ಎಂದು ಯತ್ತಪ್ಪನೇ ಕೇಳಿದನಂತೆ. ಕೇಳಿ, ಎಲೆಯಡಿಕೆ ಉಗುಳಲು ಎದ್ದು ಹೋದನಂತೆ. ಅಲ್ಲಿಗೆ ಸಭೆ ಮುಗಿಯಿತು. ಗಾಡಿ ಈಗ ಹೊಂಗೆಮರದ ಕೆಳಗಿದೆ. ಬೇಲಿಯಾಚೆಯ ಹೆಂಗಸರದು.

ನಾನೂ ಮಗುವೂ ಅದರೊಳಗೇ ಇದ್ದೇವೆ. ಇನ್ನೂ ಒಳಗೆ ಸೇರಿಸಿಕೊಂಡಿಲ್ಲ, ಹೊತ್ತಿದೆ. ಬೇಲಿ ಇದ್ದಲ್ಲೇ ಇದೆ, ನಾನು ಆಚೆಯೇ ಇದ್ದೇನೆ. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಾಯಂಕಾಲ ಒಳಗೆ ದೀಪ ಹಚ್ಚಿದಾಗ ಬೇಜಾರಾಗುತ್ತದೆ. ಆದರೆ ಗಾಳಿ ತಗಡಿಗೆ ಬಡಿದು ಆ ಕಡೆ ಹೋಗುತ್ತದೆ, ಮಗುವಿಗೆ ತಾಗುವುದಿಲ್ಲ. ನಿನ್ನ ರಗ್ಗೂ ಇದೆ.

ನಿನ್ನ ಭಾವ ಹೊಳೆಯಲ್ಲಿ ಮಿಂದು ಒಳಗೆ ಸೇರಿಕೊಂಡರು. ಇನ್ನು ಈ ಗಾಡಿಯನ್ನು ಅವರು ಮುಟ್ಟುವ ಹಾಗಿಲ್ಲ, ಹಟ್ಟಿಯ ಯಾವ ಗಂಡಸೂ ಮುಟ್ಟುವ ಹಾಗಿಲ್ಲ. ಚೈತ್ರಕ್ಕೆ ಓಡಿಸುವವರು ಬೇಕು. ನಿನ್ನ ಭಾವ ಬೇಲಿಯ ಒಳಗೆ ನಿಂತು, ಲಿವರು ಹೇಗೆ ಎಳೆಯಬೇಕು, ಕ್ಲಚ್ಚು ಎಷ್ಟು ಬಿಡಬೇಕು ಎಂದು ಬರಿಗೈಯಲ್ಲಿ ತೋರಿಸುತ್ತಾರೆ. ಮೊನ್ನೆ ಸ್ಟಾರ್ಟ್ ಆಯಿತು. ಹೊಂಗೆಮರದಿಂದ ಹುಣಸೆಮರದವರೆಗೆ ಹೋದೆ. ದಾಸಮ್ಮ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ಓಡಿ ಬಂದಳು.

ನಬೀ ಸಾಬರ ಹತ್ತಿರ ಎರಡು ದಿನ ರಜ ಕೇಳಿಕೊಂಡು ಬಾ. ಬ್ರೇಕಿಗೆ ನನ್ನ ಕಾಲು ಎಟುಕುವುದಿಲ್ಲ. ಪೆಡಲಿನ ಮೇಲೆ ಕೂರಿಸಲು ನಾಲ್ಕು ಬೆರಳು ದಪ್ಪದ ಒಂದು ಮರದ ತುಂಡು ಕೊಯ್ಯಿಸಿ ತಾ.

ಕರಿಯಕ್ಕ